ಹೂಜಿ ಗಿಡಕ್ಕೊಂದು ಇರುವೆ

ಒಂದು ಇರುವೆ ಜಾರಿ ಬಿದ್ದದ್ದೇ ಪಾರಿಸ ಮಾಸ್ತರನ ಗ್ರಹಚಾರಕ್ಕೆ ಕಾರಣವಾಯಿತು. ಅದು ಬಿದ್ದದ್ದು ಹೂಜಿ ಗಿಡದ, ಎಂದರೆ ಎಲೆಯ ತುದಿಗೆ ತೂಗುವ ನೀರಿನ ಹೂಜಿಯಲ್ಲಿ ಹುಳ ಹಿಡಿದು ತಿನ್ನುವ ಗಿಡದ, ಹೂಜಿಯೊಳಗೆ. ನೋಡಿದ್ದು ಅವನ ತಾಯಿ ಚಂದ್ರಮತಿ. ದಿನಾ ಬಸದಿಗೆ ಹೋಗುವ ಆಕೆ ನೀರನ್ನು ಎರಡು ಸಲ ಸೋಸಿ, ಬಟ್ಟೆಯಲ್ಲಿ ಉಳಿದ ಹುಳಗಳನ್ನು ಅದೇ ಬಾವಿಗೆ ಮರಳಿ ಬಿಟ್ಟು ಬರುವ ಹೆಂಗಸು.

"ಪಾರಿಸಾ, ಈ ಗಿಡ ಇರುವಿ ನುಂಗ್ತಲೋ!"

"ಅದು ಇರೂದ ನುಂಗಾಕವ್ವ."

ರಾಯಬಾಗದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಾರಿಸ ಐದು ವರ್ಷದಿಂದ ಹಂಗಾಮಿ ವಿಜ್ಞಾನ ಮಾಸ್ತರ. ಈ ವರ್ಷ, ಅಂದರೆ ೧೯೮೭ರಲ್ಲಿ, ಒಂದೇ ಒಂದು ಹುದ್ದೆ ಖಾಯಂ ಆಗುವುದಿತ್ತು. ಕೈಕೆಲಸದ ಮಾಸ್ತರ ಲಗಮಣ್ಣನೂ ಅದಕ್ಕೇ ಬಾಯಿ ತೆರೆದು ಕೂತಿದ್ದ. ಅಂದು ಮಧ್ಯಾಹ್ನ ಚಿಕ್ಕೋಡಿಯಿಂದ ಹೊಸ ಇನ್‌ಸ್ಪೆಕ್ಟರ್ ಸಾಹೇಬರು ಬಂದು, ಇಬ್ಬರ ಕೆಲಸ ನೋಡಿ, ಒಬ್ಬರ ಹೆಸರು ಬರೆಯುವವರಿದ್ದರು. ಪಾರಿಸ ನಿಪ್ಪಾಣಿಯ ತಂಬಾಕು ವ್ಯಾಪಾರಿ ಮಾವನ ಕೈಕಾಲು ಹಿಡಿದು ಕಲ್ಕತ್ತಾದಿಂದ ಗಿಡ ತರಿಸಿದ್ದೇ ಅದಕ್ಕೆ. ಸಾಹೇಬರ ಎದುರು ಅದು ಒಂದು ಇರುವೆ ನುಂಗಿದರೆ ನೌಕರಿ ಪಕ್ಕಾ ಎಂದು ನಂಬಿದ್ದ.

"ಒಂದ ಇರುವಿ, ಅವ್ವ. ಒಂದ."

"ಆ ಇರುವಿಗೆ ಅವ್ವ ಇರಂಗಿಲ್ಲೇನು?"

ಗದ್ದಲ ಕೇಳಿ ನೆರೆಮನೆಯ ಕಮಲಾಬಾಯಿ ಕರೆಯದೆಯೇ ಬಂದಳು. ಓಣಿಯ ಧರ್ಮವೆಲ್ಲ ತನ್ನ ಸೆರಗಿನ ಗಂಟಿನಲ್ಲೇ ಇದೆ ಎಂದು ತಿಳಿದವಳು. ಹೂಜಿಗೆ ಕಣ್ಣು ಹಚ್ಚಿ ಚೀರಿದಳು.

"ಚಂದ್ರವ್ವಾ, ಒಳಗ ಹುಳ ಜೀವಂತ ಆಡಾಕತ್ತಾವ!"

ಪಾರಿಸನಿಗೆ ಪಾಠ ಮಾಡುವ ಹುರುಪು ಬಂತು. "ಅವು ಸೊಳ್ಳಿ ಮರಿರೀ ಮಾವಶಿ. ಆ ನೀರಾಗ ಇರುವಿ ಸಾಯ್ತಾವ, ಇವಕ್ಕ ಏನೂ ಆಗಂಗಿಲ್ಲ. ಸತ್ತದ್ದನ್ನ ತಿಂದು ಅಲ್ಲೇ ಆರಾಮ ಇರ್ತಾವ."

"ಹಂಗಾದ್ರ ನೀರು ಚೆಲ್ಲೂಹಂಗೂ ಇಲ್ಲ! ಚೆಲ್ಲಿದ್ರ ಇವು ಸಾಯ್ತಾವ, ಬಿಟ್ರ ಇರುವಿ ಸಾಯ್ತಾವ. ಇಂಥಾ ಗಿಡ ಯಾವನರೆ ಮನಿಗೆ ತರ್ತಾನ?"

ವಿಜ್ಞಾನ ಹೇಳಿ ಪಾಪವನ್ನು ಇಮ್ಮಡಿ ಮಾಡಿಕೊಂಡಂತಾಯಿತು. ಹೆಂಗಸರಿಬ್ಬರೂ ಅಡುಗೆಮನೆಗೆ ಹೋಗಿ ಏನೋ ಪಿಸುಗುಟ್ಟಿದರು. ಹೊರಗೆ ಬಂದಾಗ ಅವ್ವನ ಮುಖ ಶಾಂತವಾಗಿತ್ತು.

"ಜಳಕಾ ಮಾಡಿ ಬಾ. ಗಿಡ ನಾವು ಧೋತರದಾಗ ಸುತ್ತಿ ಇಡ್ತೇವಿ."

ತಾಯಿಯ ಮನಸ್ಸು ಕರಗಿತೆಂದು ಪಾರಿಸನಿಗೆ ಕಣ್ಣು ತುಂಬಿ ಬಂತು. ಸುತ್ತಿದ ಕುಂಡವನ್ನು ಸೈಕಲ್ಲಿಗೆ ಕಟ್ಟಿಕೊಂಡು, ಬಾಣಂತಿಯನ್ನು ಕರೆದೊಯ್ಯುವಂತೆ ಮೆಲ್ಲಗೆ ಶಾಲೆ ಸೇರಿದ.

ಮೂರು ಗಂಟೆಗೆ ಸಾಹೇಬರು ಬಂದರು. ದಪ್ಪ ಮೀಸೆ, ನಗದ ಮುಖ. ಹೆಡ್‌ಮಾಸ್ತರ ವಿರುಪಾಕ್ಷಪ್ಪನವರು ಕೈಕಟ್ಟಿ ನಿಂತರು. ಲಗಮಣ್ಣ ತಾನು ಹೆಣೆದ ಬಿದಿರಿನ ಬುಟ್ಟಿ ಮುಂದಿಟ್ಟ. ಸಾಹೇಬರು ಅದನ್ನು ತಿರುಗಿಸಿ ನೋಡಿ, ಆಕಳಿಸಿ, ಪಕ್ಕಕ್ಕೆ ಸರಿಸಿದರು. ಪಾರಿಸನಿಗೆ ಹೋಳಿಗೆ ಉಂಡಷ್ಟು ಸಂತೋಷವಾಯಿತು.

"ಈಗ ಇದನ್ನ ನೋಡ್ರಿ ಸಾಹೇಬ್ರ," ಎಂದು ಧೋತರ ಬಿಚ್ಚಿದ.

ಪ್ರತಿ ಹೂಜಿಯೊಳಗೂ ಒಂದು ಪುಟ್ಟ ನಿಚ್ಚಣಿಕೆ ನಿಂತಿತ್ತು! ಕಸಬರಿಗೆಯ ಕಡ್ಡಿಗಳನ್ನು ದಾರದಿಂದ ಬಿಗಿದು ಅವ್ವ ಮತ್ತು ಕಮಲಾಬಾಯಿ ಇರುವೆಗಳಿಗೆ ದಾರಿ ಮಾಡಿಕೊಟ್ಟಿದ್ದರು. ಪಾರಿಸ ಬೆವರುತ್ತ ಒಂದು ಇರುವೆ ಬಿಟ್ಟ. ಅದು ಬಿತ್ತು, ಒದ್ದಾಡಿತು, ಕಡ್ಡಿ ಹಿಡಿದು ಮೇಲೆ ಬಂದು, ಬೀಗರ ಮನೆಯಲ್ಲಿ ಉಂಡು ಹೊರಟವರಂತೆ ನಡೆದುಹೋಯಿತು. ಇನ್ನೊಂದು ಬಿಟ್ಟ. ಅದೂ ಹತ್ತಿ ಬಂತು.

"ಯಾರ್ರಿ ಈ ನಿಚ್ಚಣಿಕಿ ಮಾಡಿದವ್ರು?" ಸಾಹೇಬರು ಗುಡುಗಿದರು.

ಅವ್ವನ ಹೆಸರು ಹೇಳುವಂತಿಲ್ಲ. ತಾನೇ ಎಂದರೆ ನೌಕರಿ ಹೋಯಿತು. ಪಾರಿಸನ ಬೆರಳು ತಾನಾಗಿಯೇ ಎದ್ದಿತು.

"ನಾ ಅಲ್ರೀ! ಲಗಮಣ್ಣ ಮಾಸ್ತರ ನನ್ನ ಕೆಡಸಾಕ ಮಾಡ್ಯಾರ್ರಿ. ಕೈಕೆಲಸ ಅವರದ ಅಲ್ರಿ?"

ಲಗಮಣ್ಣ ಇಲ್ಲವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಸಾಹೇಬರು ಅವನ ಭುಜದ ಮೇಲೆ ಕೈಯಿಟ್ಟರು. ದಪ್ಪ ಮೀಸೆಯ ಕೆಳಗೆ ಮೊದಲ ಸಲ ನಗು ಕಾಣಿಸಿತು.

"ನಾವೂ ಬಸದಿಗೆ ನಡಕೊಳ್ಳಾವ್ರರೀ. ಹೆಡ್‌ಮಾಸ್ತರ ಈ ಗಿಡದ ಸುದ್ದಿ ಮೊದಲ ಹೇಳಿ ಕಳಿಸಿದ್ರು; ಕಣ್ಮುಂದ ಜೀವ ಸಾಯೂದು ನೋಡಬೇಕಲ್ಲಾ ಅಂತ ಮುಂಜಾನಿಂದ ಊಟ ಸೇರಿದ್ದಿಲ್ಲ. ಪುಣ್ಯಾ ಕಟಗೊಂಡ್ರಿ, ಮಾಸ್ತರ!"

ಲಗಮಣ್ಣ ತೆರೆದ ಬಾಯಿಯನ್ನು ಜಾಣತನದಿಂದ ತಿರುಗಿಸಿಕೊಂಡ. "ಎರಡ ದಿನ ಹಿಡೀತ್ರಿ, ಮಾಡಾಕ."

ಸಾಹೇಬರು ಪೆನ್ನು ತೆಗೆದು ಲಗಮಣ್ಣನ ಹೆಸರು ಬರೆದು, ಕೆಳಗೆ ಭೀಮಗೊಂಡ ಪಾಟೀಲ ಎಂದು ಸಹಿ ಹಾಕಿದರು. ಆಮೇಲೆ ಪಾರಿಸನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಪಾರಿಸ ಅಂತ ತೀರ್ಥಂಕರರ ಹೆಸರ ಇಟಗೊಂಡು ಇರುವಿ ಕೊಲ್ಲಾಕ ಬಂದೀರಿ. ಮನ್ಯಾಗ ನಿಮ್ಮವ್ವ ನಿಮಗ ಏನೂ ಕಲಿಸಿಲ್ಲೇನ್ರಿ?"