ಎರೆಹುಳದ ರಕ್ತಕ್ಕೆ ಹಣ್ಣಿನ ವಾಸನೆ

ಕ್ಯಾಲ್ಸಿಯಂ ಉಪ್ಪಿನ ಸೀಸೆ ಬರಿದಾಗಿದೆ ಎಂಬುದು ಹುಳದ ಮೇಡಂಗೆ ಗೊತ್ತಾದದ್ದು ಪರೀಕ್ಷಕರು ಬರಲು ಒಂದೇ ಗಂಟೆ ಇದೆ ಎನ್ನುವಾಗ. ಉಗ್ರಾಣದವನು ರಜೆಯ ಮೇಲಿದ್ದ. ಬೀಗದ ಕೈಯೂ ಅವನ ಜೊತೆಗೇ ರಜೆಗೆ ಹೋಗಿತ್ತು.

ಮೇಡಂ ಹನ್ನೊಂದು ವರ್ಷಗಳಿಂದ ಎರೆಹುಳದ ರಕ್ತದ ಮೇಲೆ ಡಾಕ್ಟರೇಟ್ ಮಾಡುತ್ತಿದ್ದರು. ಜೊತೆಗೆ ಸೇರಿದವರೆಲ್ಲ ಪ್ರೊಫೆಸರುಗಳಾಗಿ, ಅವರಲ್ಲೊಬ್ಬರು ಈಗ ಇವರಿಗೇ ಮಾರ್ಗದರ್ಶಕರಾಗಿದ್ದರು. ಹುಳವೂ ತನಗಿಂತ ಬೇಗ ಮುಂದೆ ಹೋಗುತ್ತದೆ ಎಂದು ತಮ್ಮನ್ನು ತಾವೇ ಆಡಿಕೊಳ್ಳುವುದು ಮೇಡಂ ಅಭ್ಯಾಸ. ಅಷ್ಟು ವರ್ಷ ತೆವಳಿ ಅವರು ಕಂಡುಕೊಂಡದ್ದು ಇಷ್ಟು: ಎರೆಹುಳದ ರಕ್ತಕ್ಕೆ ಒಂಚೂರು ಕ್ಯಾಲ್ಸಿಯಂ ಬಿದ್ದರೆ ಸಾಕು, ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವರ ಹಾಗೆ ಅದು ಆಮ್ಲಜನಕವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಇದನ್ನು ಇಂದು ಕಣ್ಣೆದುರು ಮಾಡಿ ತೋರಿಸಬೇಕು. ಎರಡು ಕೊಳವೆ ರಕ್ತ, ಒಂದಕ್ಕೆ ಮಾತ್ರ ಕ್ಯಾಲ್ಸಿಯಂ. ಸಾರಜನಕ ಹಾಯಿಸಿ ಆಮ್ಲಜನಕವನ್ನು ಹೊರದಬ್ಬಿದರೆ ಬರಿಯ ರಕ್ತ ಬೇಗ ಕಪ್ಪಿಡುತ್ತದೆ, ಇನ್ನೊಂದು ಕೆಂಪಗೇ ಉಳಿಯುತ್ತದೆ.

ಸುದ್ದಿ ಹಬ್ಬಿ ಸಲಹೆಗಳು ಬಂದವು. ಸಸ್ಯಶಾಸ್ತ್ರದವರು ಸೀಮೆಸುಣ್ಣ ಅರೆಯಿರಿ ಎಂದರು. ಗ್ರಂಥಪಾಲಕರು ಮೊಟ್ಟೆ ಚಿಪ್ಪು ಆಗಬಹುದಲ್ಲ ಎಂದರು, ಆದರೆ ಮೊಟ್ಟೆ ತರಲಿಲ್ಲ. ಕೊನೆಗೆ ಟೈಪಿಸ್ಟಮ್ಮ ಡ್ರಾಯರಿನಿಂದ ತಮ್ಮ ಮಂಡಿನೋವಿನ ಮಾತ್ರೆ ತೆಗೆದುಕೊಟ್ಟರು.

"ನೀರಿಗೆ ಹಾಕಿ, ಬುಸ್ ಅಂತ ಕರಗತ್ತೆ. ಕ್ಯಾಲ್ಸಿಯಂ ಅಂದ್ರೆ ಕ್ಯಾಲ್ಸಿಯಮ್ಮೇ. ಹುಳಕ್ಕೇನು ಗೊತ್ತಾಗತ್ತೆ?"

ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ. ಮಾತ್ರೆ ಕರಗಿತು, ಕೊಳವೆಗೂ ಬಿತ್ತು. ಆಮೇಲೆ ನೋಡಿದರೆ ಲೋಟದಲ್ಲಿ ಉಳಿದ ನೀರು ಮದುವೆಮನೆಯ ಶರಬತ್ತಿನಂತೆ ಕೆಂಪಗಿತ್ತು. ಇನ್ನು ರಕ್ತ ಕಪ್ಪಾದರೂ ಮಾತ್ರೆಯ ಬಣ್ಣ ಅದನ್ನು ಮುಚ್ಚಿಹಾಕುತ್ತದೆ ಎಂದು ಮೇಡಂಗೆ ಹೊಳೆಯುವುದಕ್ಕೂ ಪರೀಕ್ಷಕರು ಒಳಗೆ ಬರುವುದಕ್ಕೂ ಸರಿಹೋಯಿತು.

ಪ್ರಯೋಗ ಅಮೋಘವಾಗಿ ನಡೆಯಿತು. ಒಂದು ಕೊಳವೆ ನೇರಳೆಗಪ್ಪಾಯಿತು. ಇನ್ನೊಂದು ಹೊಸ ಲಿಪ್‌ಸ್ಟಿಕ್ಕಿನಂತೆ ಮಿಂಚಿತು. ವಯಸ್ಸಾದ ಪರೀಕ್ಷಕರು ಎರಡನ್ನೂ ಎತ್ತಿ ನೋಡಿ, ಏನೋ ಹಣ್ಣಿನ ವಾಸನೆ ಬರುತ್ತಿದೆಯಲ್ಲ ಎಂದರು. ಮಾರ್ಗದರ್ಶಕರು ಎದ್ದುಹೋಗಿ ಕಿಟಕಿ ತೆರೆದರು. ಪರೀಕ್ಷಕರು ಪ್ರಬಂಧದ ಅಂಕಿಅಂಶಗಳನ್ನು ಮತ್ತೊಮ್ಮೆ ತಿರುವಿ, ತಲೆಯಾಡಿಸಿ, ಸಹಿಗೆ ಪೆನ್ನು ತೆಗೆದರು.

ಮೇಡಂ ಏನೋ ಹೇಳಲು ಬಾಯಿ ತೆರೆದರು. ಮಾರ್ಗದರ್ಶಕರು ಮೇಜಿನಡಿ ಅವರ ಕಾಲು ತುಳಿದರು. ತುಳಿದದ್ದಕ್ಕೇ ಮಾತು ಹೊರಬಿತ್ತೋ ಏನೋ, ಖಾಲಿ ಸೀಸೆ, ಮಂಡಿನೋವಿನ ಮಾತ್ರೆ, ಮಾತ್ರೆಯ ಬಣ್ಣ ಎಲ್ಲವನ್ನೂ ಮೇಡಂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರು. "ನೀವು ನೋಡಿದ ಕೆಂಪು ರಕ್ತದ್ದಲ್ಲ ಸರ್" ಎಂದು ಮುಗಿಸಿದರು.

ಪರೀಕ್ಷಕರು ಪೆನ್ನು ಕೆಳಗಿಟ್ಟರು.

"ಯಾವ ಕೆಂಪಮ್ಮಾ? ನನಗೆ ಹುಟ್ಟಿದಾಗಿನಿಂದ ಕೆಂಪು ಬಣ್ಣವೇ ಕಾಣಿಸಲ್ಲ. ಎರಡೂ ಕೊಳವೆ ನನಗೆ ಒಂದೇ ಥರ ಕಂಡ್ವು. ಕೇಳಕ್ಕೆ ನಾಚಿಕೆ ಆಗಿ ಸುಮ್ಮನಿದ್ದೆ. ನಿಮ್ಮ ಅಂಕಿಅಂಶ ಗಟ್ಟಿಯಾಗಿದೆ, ಅದಕ್ಕೇ ಸಹಿ ಹಾಕ್ತಿದ್ದೆ."

"ಹಾಗಾದ್ರೆ ಹಾಕಿಬಿಡಿ ಸರ್" ಎಂದರು ಮೇಡಂ.

"ಈಗ ಹೇಗೆ ಹಾಕಲಿ? ನೀವು ಹೇಳಿದ್ದು ನನ್ನ ಕಿವಿಗೆ ಬಿತ್ತಲ್ಲ. ಕಿವಿ ಚೆನ್ನಾಗೇ ಇದೆ."

ಆರು ತಿಂಗಳ ನಂತರ ಪ್ರಯೋಗವನ್ನು ಮತ್ತೆ ಮಾಡಿ ತೋರಿಸತಕ್ಕದ್ದು ಎಂದು ಅವರು ನೀಟಾಗಿ ಬರೆದರು.

ಮೇಡಂ ಕೊಳವೆಗಳನ್ನು ತೊಳೆಯುತ್ತಾ ನಿಂತರು. ಹನ್ನೊಂದು ವರ್ಷ ಬೆನ್ನುಮೂಳೆಯಿಲ್ಲದ ಪ್ರಾಣಿಯ ಜೊತೆಗೇ ಬಾಳಿದ್ದಾಯಿತು. ಇವತ್ತೊಂದು ದಿನ ಅದರ ಹಾಗೆ ಇರಲು ತನ್ನಿಂದ ಆಗಲಿಲ್ಲವಲ್ಲ ಎನಿಸಿ ಅವರಿಗೆ ನಗು ಬಂತು.