ನೊಣದ ಕಾಲು ಅಳೆಯುವ ನೌಕರಿ

ಜನರನ್ನು ನಗಿಸಲು ನಾನೇನೂ ಕಷ್ಟಪಡಬೇಕಿರಲಿಲ್ಲ. ನನ್ನ ನೌಕರಿ ಏನೆಂದು ಹೇಳಿದರೆ ಸಾಕಿತ್ತು. ಮೂವತ್ತರ ದಶಕದ ಕೊನೆಗೆ ನಾನು ಸರಕಾರದ ಬೇಸಾಯ ಖಾತೆಯಲ್ಲಿ ನೊಣ ಅಳೆಯುತ್ತಿದ್ದೆ. ಹಣ್ಣಿನೊಳಗಿನ ಹುಳವೇ ಬೆಳೆದು ಈ ನೊಣವಾಗುತ್ತದೆ. ಮಾವಿನಲ್ಲಿ ಹುಟ್ಟಿದ ನೊಣ, ಪೇರಲದಲ್ಲಿ ಹುಟ್ಟಿದ ನೊಣ ಕಣ್ಣಿಗೆ ಒಂದೇ. ಅವು ಒಳಗೊಳಗೇ ಎರಡು ಪಂಗಡವಾಗಿವೆಯೇ ಎಂಬುದು ನಮ್ಮ ಸಾಹೇಬರ ಪ್ರಶ್ನೆ. ಕಾಲು, ರೆಕ್ಕೆ ಅಳೆದು ಉತ್ತರ ಹುಡುಕುವುದು ನನ್ನ ಪಾಲಿನ ಕೆಲಸ.

೧. ತಿಳವಳ್ಳಿಯ ಊಟ

ತಿಳವಳ್ಳಿಯ ತೋಪಿನಲ್ಲಿ ಒಬ್ಬ ಮುದುಕಿ ಮಾವಿನಹಣ್ಣು ಆರಿಸುತ್ತಿದ್ದಳು. ನಾನು ಕೇಳಿದ ಕೂಡಲೇ ಒಳ್ಳೆಯವನ್ನೇ ತೆಗೆದುಕೊಟ್ಟಳು.

"ಇವು ಬ್ಯಾಡ ಅವ್ವಾ, ಹುಳಾ ಬಿದ್ದದ್ದ ಬೇಕು," ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ತೋಪಿನ ಗುಡಿಸಲೊಳಗೆ ಹೋಗಿ ತಾಟಿನ ತುಂಬ ಅನ್ನ, ಸಾರು ತಂದಿಟ್ಟಳು.

"ಕುಂದರ್ರಿ, ಮೊದಲ ಉಣ್ರಿ. ಇಂಥಾ ಹೊತ್ತು ಯಾರಿಗೂ ಬರಬಾರದು!"

೨. ಸವಣೂರಿನ ತಮ್ಮ

ಸವಣೂರಿನಲ್ಲಿ ಎಲೆತೋಟದ ಮಾಲೀಕರೊಬ್ಬರ ಮನೆಯಲ್ಲಿ ಇಳಿದಿದ್ದೆ. ಅಲ್ಲಿಯ ಪೇರಲದ ನೊಣಗಳು ಮಾವಿನವಕ್ಕಿಂತ ಸಣ್ಣವಿದ್ದವು. ಎರಡೂ ಬೇರೆ ಪಂಗಡವೆಂದು ಹಿಗ್ಗಿನಿಂದ ವರದಿ ಬರೆದೆ.

ಎತ್ತರದ ಆಳಾದ ಮಾಲೀಕರು ಅದನ್ನು ಕೇಳಿ, ಕುಳ್ಳ ತಮ್ಮನನ್ನು ಕರೆದು ನಿಲ್ಲಿಸಿದರು. "ಸಣ್ಣಾಂವ ಇದ್ದಾಗ ಇವಗ ಹೊಟ್ಟಿಗೆ ಅನ್ನ ಹತ್ತಲಿಲ್ರಿ, ಕುಳ್ಳ ಉಳದ. ಇಂವಾ ಯಾವ ಪಂಗಡರಿ?"

ಆ ಮಾತು ಮನಸ್ಸಿಗೆ ನಾಟಿತು. ಪೇರಲ ಸೀಳಿ ನೋಡಿದರೆ ಒಂದೊಂದರಲ್ಲೂ ಹುಳ ಗಿಜಿಗಿಜಿ; ಯಾವುದಕ್ಕೂ ಹೊಟ್ಟೆತುಂಬ ತಿನ್ನಲು ಸಿಕ್ಕಿರಲಿಲ್ಲ. ಈ ಸಲ ಹಣ್ಣಿಗೆ ನಾಲ್ಕೇ ಹುಳ ಬಿಟ್ಟು ಸಾಕಿದೆ. ಹೊರಬಂದ ನೊಣಗಳು ಮಾವಿನವಕ್ಕೆ ಸರಿಸಮ! ನಾಚಿಕೆಯಿಂದ ವರದಿ ಹರಿದು ಹಾಕಿ, ಮಾಲೀಕರಿಗೆ ನಿಜ ಹೇಳಿದೆ.

ಅವರು ತೋಟಕ್ಕೆ ಕೇಳುವಂತೆ ಕೂಗಿದರು: "ತಮ್ಮಾ, ನೀ ನಮ್ಮ ಮನಿಯವನ ಅಂತ ಸರಕಾರ ಒಪ್ಪಿತಪಾ!"

೩. ಹಿರೇಕೆರೂರಿನ ಕನ್ಯಾ

ಹಿರೇಕೆರೂರಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ ಕೇಳಿದರು, "ಕೆಲಸ ಏನ್ ಮಾಡ್ತೀರಿ?"

"ನೊಣದ ಕಾಲು ಅಳೀತೇನ್ರಿ."

ಅವರ ಮುಖ ಇಳಿಯಿತು. ಹುಡುಗಿ ನನಗೆ ಹಿಡಿಸಿದ್ದಳು. ಎಲ್ಲ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಆಕೆಯ ಧ್ವನಿ: "ಅಪ್ಪಾ, ನೊಣಾನ ಇಷ್ಟು ಲಕ್ಷ್ಯ ಇಟ್ಟು ನೋಡಾವ್ರು ನನ್ನ ಮಾತೂ ಲಕ್ಷ್ಯ ಇಟ್ಟು ಕೇಳ್ತಾರ."

ಮದುವೆ ಆಯಿತು. ಮೊದಲ ದಿನ ಆಕೆ ರೊಟ್ಟಿ ಬಡಿಸಿ ಎದುರು ಕುಳಿತಳು. ತಾಟಿನ ಅಂಚಿಗೆ ಒಂದು ನೊಣ ಬಂದು ಕೂತಿತು. ರೂಢಿಯಂತೆ ನಾನು ಬಗ್ಗಿ, ಉಸಿರು ಬಿಗಿಹಿಡಿದು ಅದರ ಕಾಲು ನೋಡತೊಡಗಿದೆ. ರೊಟ್ಟಿ ಆರಿತು.

"ಅದು ನೌಕರಿ ಮ್ಯಾಲೆ ಬಂದಿಲ್ರಿ," ಎಂದಳು ಆಕೆ, "ಉಣ್ಣಾಕ ಬಂದೈತಿ. ನೀವೂ ಉಣ್ರಿ."