ಪಂಕ್ತಿಗೆ ಬಡಿಸುವ ಚಾರ್ಜರು

ನಮ್ಮ ಸಣ್ಣ ಮಾವನವರು ನಿಂತ ಪಂಕ್ತಿಯಲ್ಲಿ ಹಸಿದು ಎದ್ದವರಿಲ್ಲ. ಮನುಷ್ಯರೂ ಇಲ್ಲ, ಮೊಬೈಲುಗಳೂ ಇಲ್ಲ! ದೇವರ ಗೂಡಿನ ಮುಂದೆ ಕೂತು ಬರೆಯುತ್ತಿದ್ದೇನೆ, ಸುಳ್ಳು ಹೇಳಲಾದೀತೇ?

ಸಣ್ಣ ಮಾವ ಎಂದರೆ ನನ್ನ ಮಾವನವರ ತಮ್ಮ. ರಾಯದುರ್ಗದಲ್ಲಿ ಯಾರ ಮನೆಯ ಮದುವೆಯಾದರೂ ಸರಿ, ಸೊಂಟಕ್ಕೆ ಟವಲು ಬಿಗಿದು ಬಡಿಸಲು ನಿಲ್ಲುವವರು. ಬಕೆಟ್ಟಿನಲ್ಲಿ ಸಾರೆಷ್ಟಿದೆ, ಇನ್ನೆಷ್ಟು ಎಲೆ ಬಾಕಿ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಮೊದಲ ಎಲೆಯ ಬೀಗರಿಗೂ ಕೊನೆಯ ಎಲೆಯ ಮುದುಕನಿಗೂ ಒಂದೇ ಅಳತೆಯ ಪಾಯಸ. ಜಗತ್ತೆಲ್ಲ ಅವರ ಕಣ್ಣಿಗೆ ಪಂಕ್ತಿಯೇ. "ಕಡೀ ಸಾಲಿಗೆ ಗಾಳಿ ಮುಟ್ಟವಲ್ದು" ಎಂದು ಬಸ್ಸಿನಲ್ಲಿ ಮುಂದಿನವರ ಕಿಟಕಿ ತೆರೆಸಿದ ಮಹಾನುಭಾವರು!

ನಮ್ಮೂರಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ನಮ್ಮ ಮನೆಯಲ್ಲಿ ಇನ್ವರ್ಟರಿನ ಲೈನು ಇರುವುದು ದೇವರ ಗೂಡಿನ ಪಕ್ಕದ ಒಂದೇ ಪ್ಲಗ್ಗಿಗೆ. ಅಲ್ಲಿ ನಡೆಯುವಷ್ಟು ಜಗಳ ಕೋರ್ಟಿನಲ್ಲೂ ನಡೆಯದು. ಒಬ್ಬರ ಫೋನನ್ನು ಇನ್ನೊಬ್ಬರು ಕೀಳುತ್ತಾರೆ. ಎಲ್ಲರೂ ಸೇರಿ ಕೀಳುವುದು ಮಾತ್ರ ಸಣ್ಣತ್ತೆಯ ಡಬ್ಬಿಯನ್ನು. ಸಣ್ಣತ್ತೆ, ಅಂದರೆ ಸಣ್ಣ ಮಾವನ ಹೆಂಡತಿ, ಕಿವಿಗೆ ಮಿಷನ್ನು ಹಾಕುತ್ತಾರೆ. ಆ ಮಿಷನ್ನು ಚಾರ್ಜಾಗುವುದು ಕುಂಕುಮದ ಭರಣಿಯಷ್ಟು ಪುಟ್ಟ ಡಬ್ಬಿಯಲ್ಲಿ. ಅದು ಅರೆಹೊಟ್ಟೆಯಲ್ಲಿದ್ದರೆ ಮಧ್ಯಾಹ್ನಕ್ಕೇ ಮಿಷನ್ನು ಸುಮ್ಮನಾಗುತ್ತದೆ. ಆಮೇಲೆ ಅತ್ತೆಗೆ ಏನೂ ಕೇಳಿಸದು.

"ಯಾಕತ್ತೆ, ಡಬ್ಬಿ ಕೀಳಬ್ಯಾಡ್ರಿ ಅಂತ ಹೇಳ್ಬಾರ್ದಾ?" ಎಂದು ನಾನು ಬೆಳಿಗ್ಗೆಯೇ ಕೇಳಿದರೆ, "ಇರ್ಲಿ ಬಿಡವಾ, ಹುಡುಗ್ರ ಕೆಲಸದ ಫೋನು" ಎಂದು ನಗುತ್ತಾರೆ. ಒಮ್ಮೆ ಯಾರೋ ಸಾವಿನ ಸುದ್ದಿ ಹೇಳಿದಾಗಲೂ ಕೇಳಿಸದೆ ಹೀಗೇ ನಕ್ಕು ತಲೆಯಾಡಿಸಿಬಿಟ್ಟರು, ಪಾಪ. ಅಂದಿನಿಂದ ನಾಲ್ಕು ಜನರ ನಡುವೆ ಕೂರುವುದನ್ನೇ ಬಿಟ್ಟರು.

ಜಗಳ ತೀರಲೆಂದು ನಮ್ಮೆಜಮಾನರು ನಾಲ್ಕು ತೂತಿನ ಚಾರ್ಜರು ತಂದರು. ಎರಡು ಫೋನು, ಅತ್ತೆಯ ಡಬ್ಬಿ ಹಾಯಾಗಿ ಉಣ್ಣುತ್ತಿದ್ದವು. ಮೈದುನ ಬಂದು ಲ್ಯಾಪ್‌ಟಾಪು ಸಿಕ್ಕಿಸಿದ. ಎಲ್ಲವೂ ಒಟ್ಟಿಗೆ ಕಣ್ಣು ಮುಚ್ಚಿದವು! ಫೋನುಗಳು ಮತ್ತೆ ಕಣ್ಣು ತೆರೆದವು, ಡಬ್ಬಿ ತೆರೆಯಲಿಲ್ಲ.

ಸಣ್ಣ ಮಾವ ಸಿಡಿದೆದ್ದರು. "ಏನಲೇ ಇದು! ಹೊಸಬ ಕುಂತಾನಂತ ಉಣ್ಣೋರ ಎಲಿ ಎತ್ತೋದಾ? ಇದ್ಯಾವ ಊರ ಪದ್ಧತಿ?"

"ಚಿಗಪ್ಪ, ಪವರ್ ಹೊಸದಾಗಿ ಹಂಚಾಕ ಅದು ಹಂಗ ಮಾಡ್ತೈತಿ" ಎಂದರು ನಮ್ಮೆಜಮಾನರು.

"ಹಂಚೋದು ನನಗ ಹೇಳಿಕೊಡ್ತೀಯೇನು?"

ಮುಗಿಯಿತು! ಮರುದಿನವೇ ಮನೆಯ ಫೋನು, ಲ್ಯಾಪ್‌ಟಾಪು, ಡಬ್ಬಿ ಎಲ್ಲವನ್ನೂ ತರಕಾರಿ ಚೀಲಕ್ಕೆ ತುಂಬಿಕೊಂಡು ಅಂಗಡಿಗೆ ಹೊರಟರು. ಬೆಲೆಬಾಳುವ ಸಾಮಾನು ದಾರಿಯಲ್ಲಿ ಬೀಳದಿರಲಪ್ಪಾ ಎಂದು ಆಂಜನೇಯನಿಗೆ ಕೈಮುಗಿಯುತ್ತ ನಾನೂ ಹಿಂದೆ ಓಡಿದೆ.

"ಅರವತ್ತೈದು ವ್ಯಾಟ್ ಸರ್, ಸೂಪರ್ ಫಾಸ್ಟ್" ಎಂದ ಅಂಗಡಿಯವನು.

"ಅದು ಒಬ್ಬನ್ನೇ ಕುಂಡ್ರಿಸಿದ್ರ. ಪಂಕ್ತಿ ಕುಂತ್ರ?"

"ಶೇರ್ ಆಗ್ತೈತ್ರಿ."

"ಯಾರಿಗೆ ಎಷ್ಟು? ನೋಡಪಾ, ಲ್ಯಾಪ್‌ಟಾಪು ಹೊಸ ಅಳಿಯ ಇದ್ದಂಗ. ಅವಗ ಜಾಸ್ತಿ ಬಡಸು, ಬ್ಯಾಡನ್ನಂಗಿಲ್ಲ. ಫೋನು ಸಾಲಿ ಹುಡುಗ್ರು, ಗಬಗಬ ಉಂಡು ಏಳ್ತಾವ. ಈ ಡಬ್ಬಿ ಐತಲ್ಲ, ಇದು ಕಡೀ ಎಲಿ. ಉಣ್ಣೋದು ಒಂದ್ ತುತ್ತು. ಆದ್ರ ಆ ತುತ್ತು ತಪ್ಪಬಾರ್ದು!"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ವೆಂಕಟರಮಣನ ಕ್ಯಾಲೆಂಡರು ನೋಡಿದೆ. ಒಂದೊಂದು ಚಾರ್ಜರಿಗೂ ಇಡೀ ಪಂಕ್ತಿ ಕೂರಿಸಿ, ಬಿಸಿಯಾಯಿತೇ ಎಂದು ಕೆನ್ನೆಗೆ ಒತ್ತಿಕೊಂಡು ಪರೀಕ್ಷೆ ನಡೆಯಿತು. ಎಲ್ಲವೂ ಫೇಲು! ಅಂಗಡಿಯವನು ಬೈಯದೆ ಟೀ ತರಿಸಿಕೊಟ್ಟ. ಅದೂ ದೇವರ ದಯೆ.

ಆಮೇಲೆ ನನ್ನ ತವರಿಗೆ, ಮಡಕಶಿರದ ಕಡೆಗೆ, ಹೋಗುವುದಿತ್ತು. ಚೀಲದ ಸಮೇತ ಸಣ್ಣ ಮಾವನೂ ಬಂದರು. ಅಲ್ಲಿ ನಮ್ಮಮ್ಮ ರೇಷ್ಮೆ ಹುಳಗಳಿಗೆ ಸೊಪ್ಪು ಹಾಕುತ್ತಿದ್ದಳು. ಮೂಲೆಯಲ್ಲಿ ಬೇರೆಯಾಗಿಟ್ಟಿದ್ದ ಪುಟ್ಟ ತಟ್ಟೆಯ ಮುಂದೆ ಮಾವ ನಿಂತುಬಿಟ್ಟರು.

"ಬೀಗತಿ, ಇವೇನ್ ತಪ್ಪು ಮಾಡ್ಯಾವ್ರಿ? ಪಂಕ್ತಿ ಬಿಡಿಸಿ ಕುಂಡ್ರಿಸೀರಿ?"

"ಅಯ್ಯೋ ಬೀಗ್ರೇ, ಇವು ಹಿಂದ್ ಬಿದ್ದಿರೋ ಹುಳ. ಒಂದೇ ತಟ್ಟೇಲಿ ಬಿಟ್ರೆ ದೊಡ್ಡವು ಸೊಪ್ಪು ಬಿಡಾಕಿಲ್ಲ. ಅದುಕ್ಕೇ ಬ್ಯಾರೆ ಮಡಗಿದೀನಿ."

ಸಣ್ಣ ಮಾವ ಚೀಲ ಎತ್ತಿಕೊಂಡು ಊರೊಳಗಿನ ಅಂಗಡಿಗೆ ಹೋದರು. ಒಂದು ತೂತಿಗೆ ಬೇರೆಯೇ ಪಾಲು ಇರುವ, ಇನ್ನಾರೇ ಬಂದರೂ ಆ ಪಾಲು ಮುಟ್ಟದ ಚಾರ್ಜರು ಕೇಳಿದರು. ಇತ್ತು! ಹಿಂಬದಿಯ ಇರುವೆಯಂಥ ಅಕ್ಷರಗಳನ್ನು ಅಂಗಡಿಯವನಿಂದ ಗಟ್ಟಿಯಾಗಿ ಓದಿಸಿದರು, ಲಗ್ನಪತ್ರಿಕೆ ಓದಿಸಿದಂತೆ.

ರಾಯದುರ್ಗಕ್ಕೆ ಬಂದ ಮೇಲೆ ನಾನು ಅದಕ್ಕೆ ಕುಂಕುಮವಿಟ್ಟೆ, ತೂತಿಗೆ ಬೀಳದ ಹಾಗೆ. ಮೊದಲು ಡಬ್ಬಿ ಉಣ್ಣಲು ಕೂತಿತು. ಆಮೇಲೆ ಫೋನುಗಳು. ಮೈದುನ ಲ್ಯಾಪ್‌ಟಾಪು ಹಿಡಿದು ಬಂದ. ಮನೆಮಂದಿಯೆಲ್ಲ ಡಬ್ಬಿಯ ಮೇಲೆ ಬಗ್ಗಿ ನಿಂತೆವು. ಸಿಕ್ಕಿಸಿದ. ಫೋನುಗಳು ಕಣ್ಣು ಮಿಟುಕಿಸಿದವು. ಡಬ್ಬಿಯ ಹಸಿರು ದೀಪ ಮಾತ್ರ ಗರ್ಭಗುಡಿಯ ನಂದಾದೀಪದಂತೆ ಅಲುಗಲಿಲ್ಲ! ನನ್ನ ಕೈ ತಾನಾಗಿ ಮುಗಿದುಕೊಂಡಿತು. ದೇವರಿಗೋ, ಚಾರ್ಜರಿಗೋ, ಮಾವನಿಗೋ, ಇವತ್ತಿಗೂ ಹೇಳಲಾರೆ.

ಮರುದಿನ ಮಧ್ಯಾಹ್ನ ಎಲ್ಲರ ಊಟವಾಗಿತ್ತು. ಸಣ್ಣತ್ತೆ ಎಂದಿನಂತೆ ಒಲೆಯ ಕಡೆ ಮುಖ ಮಾಡಿ ಪಾತ್ರೆ ಎತ್ತಿಡುತ್ತಿದ್ದರು. ಅವರದು ಯಾವಾಗಲೂ ಕೊನೆಯ ಊಟ. ಸಣ್ಣ ಮಾವ ಬಾಗಿಲಲ್ಲಿ ನಿಂತರು. ಚಪ್ಪರವೇ ಅದುರುವಂತೆ "ಯಾರಿಗ್ರೀ ಅನ್ನಾ?" ಎಂದು ಕೂಗುವ ಆ ಮನುಷ್ಯ, ನನಗೇ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಅಂದರು:

"ಉಂಡೇನು?"

ಸಣ್ಣತ್ತೆ ತಿರುಗಿದರು. "ಇನ್ನೂ ಇಲ್ರಿ." ಆಮೇಲೆ ನಕ್ಕರು. "ಇದೇನ್ರಿ ಇವತ್ತು? ಮದುವಿಯಾಗಿ ಇಷ್ಟು ವರ್ಷಕ್ಕ ಉಂಡೇನು ಅಂತ ಕೇಳ್ತೀರಿ?"

ಸಣ್ಣ ಮಾವ ಸೊಂಟಕ್ಕೆ ಟವಲು ಬಿಗಿದು, ಅತ್ತೆಗೆ ಬಡಿಸಲು ತಟ್ಟೆ ಎತ್ತಿಕೊಂಡರು.

"ದಿನಾ ಕೇಳ್ತಿದ್ದೆ. ನಿನಗ ಮುಟ್ಟತಿರ್ಲಿಲ್ಲ."